ಹಿಮದಲ್ಲಿ ಹೂತ ಎರಡನೇ ಸಾಲು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಊರ ಶೆಡ್ಡಿನ ಮುಂದೆ ಹಿಮ ತಳ್ಳುವ ಲಾರಿ ಆಗಲೇ ಗುರುಗುಡುತ್ತಿದೆ. ಆಲ್ಡನ್ ಪೆಲ್ಕಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಮುಂದಿನ ಕಬ್ಬಿಣದ ಅಲಗಿಗೆ ಬೂಟಿನಿಂದ ಎರಡು ಒದೆ, ಹಿಂದಿನ ಮರಳಿನ ತೊಟ್ಟಿಯೊಳಗೆ ಒಮ್ಮೆ ಟಾರ್ಚಿನ ಬೆಳಕು, ಆಮೇಲೆ ಆಕಾಶದ ಕಡೆ ಒಂದು ನೋಟ. ಆಕಾಶದಲ್ಲಿ ನೋಡುವಂಥದ್ದು ಏನೂ ಇಲ್ಲ, ಕತ್ತಲೆ ಮತ್ತು ಬೀಳುತ್ತಿರುವ ಹಿಮ ಅಷ್ಟೆ. ಆದರೂ ನೋಡುತ್ತಾರೆ. ಇಪ್ಪತ್ತೊಂದು ಚಳಿಗಾಲದಿಂದ ಹೀಗೇ ನೋಡುತ್ತಿದ್ದಾರೆ.

“ಹತ್ತಿ, ಹತ್ತಿ,” ಎಂದು ನನ್ನನ್ನು ಕರೆಯುತ್ತಾರೆ. “ಸೀಟಿನ ಮೇಲೆ ಡೋನಟ್ ಇದೆ, ಅದರ ಮೇಲೆ ಮಾತ್ರ ಕೂತ್ಕೋಬೇಡಿ. ಅದು ನನ್ನ ತಿಂಡಿ.”

ಲಾರಿ ಬೆಟ್ಟದ ದಾರಿ ಹಿಡಿಯುತ್ತದೆ. ಇವತ್ತು ಬುಧವಾರ, ದಾರಿಯ ಕೊನೆಯ ಮನೆಯ ಮುದುಕರಿಗೆ ಆಮ್ಲಜನಕದ ಸಿಲಿಂಡರ್ ಬರುವ ದಿನ. ಆದ್ದರಿಂದ ಆಲ್ಡನ್ ಬುಧವಾರಗಳಂದು ಅಲ್ಲಿಂದಲೇ ಶುರು ಮಾಡುತ್ತಾರೆ. ಹೀಗೆ ಮಾಡಿ ಎಂದು ಯಾರೂ ಹೇಳಿಲ್ಲ, ಆ ಮುದುಕರಿಗೂ ಇದು ಗೊತ್ತಿರಲಾರದು. ಒಂದು ತಿರುವಿನಲ್ಲಿ ಅಲಗನ್ನು ತುಸು ಎತ್ತುತ್ತಾರೆ, ಅಲ್ಲಿ ರಸ್ತೆಗೇ ಚಾಚಿಕೊಂಡ ಒಂದು ಅಂಚೆಡಬ್ಬಿ ಇದೆ. ಇನ್ನೊಂದು ಕಡೆ ನಿಧಾನಿಸುತ್ತಾರೆ, ಅಲ್ಲೊಂದು ನಾಯಿ ಲಾರಿಯನ್ನು ಕಂಡರೆ ಓಡಿ ಬಂದು ಜಗಳ ತೆಗೆಯುತ್ತದಂತೆ. ನಾಯಿ ಬರುತ್ತದೆ. ಆಲ್ಡನ್ ಕಿಟಕಿ ಇಳಿಸಿ, “ಏನೋ ನಿಂದು?” ಎಂದು ಕೇಳಿ ಮುಂದೆ ಹೋಗುತ್ತಾರೆ.

ನಾನು ಈ ವೆಂಟ್‌ಬರಿಗೆ ಬಂದು ಹತ್ತೊಂಬತ್ತು ಚಳಿಗಾಲವಾಯಿತು. ನ್ಯೂ ಹ್ಯಾಂಪ್‌ಶೈರಿನ ಈ ಮೂಲೆಯಲ್ಲಿ ಬೆಳಗಾಯಿತೆಂದು ನನಗೆ ಗೊತ್ತಾಗುವುದು ಕೋಳಿಯಿಂದಲ್ಲ, ಇವರ ಲಾರಿಯ ಅಲಗು ರಸ್ತೆಯನ್ನು ಕೆರೆಯುವ ಸದ್ದಿನಿಂದ. ಇಷ್ಟು ವರ್ಷ ಆ ಸದ್ದಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆಂದು ನಾನು ಗಂಭೀರವಾಗಿ ಯೋಚಿಸಿರಲಿಲ್ಲ. ಬರುವ ಮಂಗಳವಾರ ಆ ಮನುಷ್ಯ ಕೆಲಸ ಕಳೆದುಕೊಳ್ಳಬಹುದು ಎಂದು ಗೊತ್ತಾದ ಮೇಲೆ ಯೋಚಿಸಿದೆ. ನಾಚಿಕೆಯ ಮಾತು, ಆದರೆ ನಿಜ. ಇವರ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದೇ ಇವತ್ತು ಲಾರಿ ಹತ್ತಿದ್ದೇನೆ.

ನಮ್ಮ ರಸ್ತೆ ಏಜೆಂಟರನ್ನು ಊರೇ ಚುನಾಯಿಸುತ್ತದೆ, ಮೂರು ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ. ಹಿಮ ತಳ್ಳುವುದು, ಮರಳು ಚೆಲ್ಲುವುದು, ಮೋರಿ ಬಿಡಿಸುವುದು, ಹಿಮ ಕರಗಿ ರಸ್ತೆ ಪಾಯಸವಾದಾಗ ಜಲ್ಲಿ ಸುರಿಯುವುದು ಆ ಹುದ್ದೆಯ ಕೆಲಸ. ಆಲ್ಡನ್ ಏಳು ಚುನಾವಣೆ ಗೆದ್ದಿದ್ದಾರೆ. ಏಳರಲ್ಲೂ ಎದುರಿಗೆ ಯಾರೂ ನಿಂತಿರಲಿಲ್ಲ. ಈ ಸಲ ಕ್ರೇಗ್ ಸ್ಟಿಕ್ನಿ ನಿಂತಿದ್ದಾನೆ. ಮೂವತ್ತೆಂಟು ವರ್ಷದವನು, ಮಣ್ಣು ಅಗೆಯುವ ಸ್ವಂತ ಯಂತ್ರ ಇಟ್ಟುಕೊಂಡವನು, ಒಳ್ಳೆಯ ಕೆಲಸಗಾರ. ನಮ್ಮ ಮನೆಯ ಶೌಚದ ಗುಂಡಿ ತೋಡಿದವನೂ ಅವನೇ, ಅದರ ಬಗ್ಗೆ ಇವತ್ತಿಗೂ ನನ್ನದೇನೂ ದೂರಿಲ್ಲ. ಇಬ್ಬರ ನಡುವೆ ಇರುವ ಜಗಳ ರಸ್ತೆಯದ್ದಲ್ಲ. ಬಂದೂಕಿನದು.

“ನನಗೆ ಏನೂ ಅರ್ಥ ಆಗ್ತಿಲ್ಲ ಕಣಮ್ಮ,” ಎನ್ನುತ್ತಾರೆ ಆಲ್ಡನ್, ಗೇರು ಬದಲಿಸುತ್ತ. “ಅಧ್ಯಕ್ಷರ ಚುನಾವಣೇಲಿ ಬಂದೂಕು ಅಂದ್ರೆ ಸರಿ. ಗವರ್ನರ್ ಅಂದ್ರೂ ಸರಿ. ಹೋದ ವರ್ಷ ಶಾಲಾ ಮಂಡಳಿಯೋರನ್ನೂ ಕೇಳಿದ್ರು, ಅದನ್ನೂ ಒಪ್ಕೊಳ್ಳೋಣ. ನನ್ನನ್ನ ಯಾಕೆ? ನಾನು ಮೋರಿ ಬಿಡಿಸೋನು.”

ಅರವತ್ತೊಂದು ವರ್ಷದ ಆಲ್ಡನ್ ಮಾತಿನಲ್ಲಿ ಚುರುಕಲ್ಲ. ಅಜ್ಜ ಕೆನಡಾ ಗಡಿ ದಾಟಿ ಮರದ ಕಾರ್ಖಾನೆಗೆ ಬಂದವರು, ಅಪ್ಪನೂ ಅದೇ ಕಾರ್ಖಾನೆಯಲ್ಲಿ ಎರಡು ಬೆರಳು ಬಿಟ್ಟವರು. ಮಗ ಅಲ್ಲಿಗೆ ಹೋಗುವುದು ಬೇಡವೆಂದು ಹತ್ತೊಂಬತ್ತನೇ ವಯಸ್ಸಿಗೇ ಊರಿನ ರಸ್ತೆ ಕೆಲಸಕ್ಕೆ ಸೇರಿಸಿದರು. ಹೆಂಡತಿ ಲೂಸಿಲ್ ಶಾಲೆಯ ಅಡುಗೆಮನೆಯಲ್ಲಿದ್ದಾರೆ. ಒಬ್ಬಳೇ ಮಗಳು. ಅವಳ ಮದುವೆಯ ದಿನ, ಏಪ್ರಿಲ್ ತಿಂಗಳಲ್ಲಿ, ಹೇಳದೆ ಕೇಳದೆ ಒಂದು ಅಡಿ ಹಿಮ ಬಿತ್ತು. ಆಲ್ಡನ್ ಸೂಟು ಹಾಕಿಕೊಂಡೇ ಲಾರಿ ಹತ್ತಿ ಚರ್ಚಿನವರೆಗೆ ದಾರಿ ಮಾಡಿದರು. ಮದುಮಗಳು ಹಿಂದಿನ ಕಾರಿನಲ್ಲಿ ಬಂದಳು. “ಎಲ್ಲಾ ಅಪ್ಪಂದಿರೂ ಮಗಳ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತಾರೆ. ನಾನು ಆರು ಮೈಲಿ ಕರ್ಕೊಂಡು ಹೋದೆ,” ಎಂದು ಅವರು ನಗುವುದು ಆ ಒಂದು ಕಥೆಗೆ ಮಾತ್ರ.

ಲೆಕ್ಕ ಕೇಳಿದರೆ ಬೆರಳು ಮಡಿಸಿ ಹೇಳುತ್ತಾರೆ. ನಲವತ್ತೊಂದು ಮೈಲಿ ರಸ್ತೆ, ಅದರಲ್ಲಿ ಮೂವತ್ತನಾಲ್ಕು ಮಣ್ಣಿನದು. ನೂರಾ ಹದಿನೆಂಟು ಮೋರಿ. ಒಂದು ಚಳಿಗಾಲಕ್ಕೆ ಇನ್ನೂರು ಲಾರಿ ಮರಳು. ಈ ವರ್ಷ ಇದುವರೆಗೆ ಇಪ್ಪತ್ತಮೂರು ಸಲ ಹಿಮಕ್ಕೆ ಹೊರಟಿದ್ದಾರೆ, ಒಂದು ಸಲ ಮೂವತ್ತೊಂದು ಗಂಟೆ ಲಾರಿಯಿಂದ ಇಳಿಯಲಿಲ್ಲ. ಎಡಗೈಯ ಕಿರುಬೆರಳಿಗೆ ಹಿಮ ಹೊಡೆದು ಹನ್ನೆರಡು ವರ್ಷವಾಯಿತು, ಅದರಲ್ಲಿ ಸ್ಪರ್ಶವಿಲ್ಲ. ಲಾರಿಯಲ್ಲಿ ಕೂತಾಗ ಸೊಂಟ ನೋಯುವುದಿಲ್ಲ, ಇಳಿದಾಗ ನೋಯುತ್ತದೆ. “ಅದಕ್ಕೇ ಇಳಿಯಲ್ಲ,” ಎನ್ನುತ್ತಾರೆ.

ಏಳೂವರೆಗೆ ಬೆಳಕಾಗಿದೆ. ಮರಳು ತುಂಬಿಸಿಕೊಳ್ಳಲು ಲಾರಿ ಮತ್ತೆ ಶೆಡ್ಡಿಗೆ ಬರುತ್ತದೆ. ಶೆಡ್ಡಿನ ಪಕ್ಕದಲ್ಲಿ ಊರ ಜನ ಬಕೆಟ್ ತಂದು ತಮ್ಮ ಮೆಟ್ಟಿಲಿಗೆ ಬೇಕಾದಷ್ಟು ಮರಳು ತುಂಬಿಕೊಂಡು ಹೋಗುವ ಸಣ್ಣ ರಾಶಿ ಇದೆ. ಅದರಾಚೆ ರಸ್ತೆಗೆ ಮರಳು ತೋಡುವ ಊರಿನ ಕ್ವಾರಿ. ಕ್ವಾರಿಯ ಬಾಯಿಗೆ ಒಂದು ಕಬ್ಬಿಣದ ಸರಪಳಿ, ಸರಪಳಿಯ ಪಕ್ಕ ಒಂದು ಪ್ಲೈವುಡ್ ಹಲಗೆ. ಹಲಗೆಯ ಅರ್ಧಕ್ಕೂ ಮೇಲೆ ಹಿಮ ಬಂದಿದೆ. ಹಿಮದ ಮೇಲೆ ಕಾಣುವುದು ಕೆಂಪು ಬಣ್ಣದ ಒಂದೇ ಸಾಲು: ಇಲ್ಲಿ ಗುಂಡು ಹಾರಿಸಬಾರದು.

ಜಗಳವೆಲ್ಲ ಈ ಹಲಗೆಯದು.

ಈ ಕ್ವಾರಿಯ ಮರಳುಗೋಡೆಗೆ ಕಾಗದದ ತಟ್ಟೆ ಚುಚ್ಚಿ ರೈಫಲ್ಲಿನ ಗುರಿ ಸರಿಮಾಡಿಕೊಳ್ಳುವುದು ವೆಂಟ್‌ಬರಿಯ ಪದ್ಧತಿ. ಜಿಂಕೆ ಬೇಟೆ ಶುರುವಾಗುವ ಮುಂಚಿನ ವಾರದಲ್ಲಿ ಅರ್ಧ ಊರು ಅಲ್ಲಿರುತ್ತದೆ. ಅಜ್ಜಂದಿರು ಮಾಡಿದ್ದು, ಅಪ್ಪಂದಿರು ಮಾಡಿದ್ದು, ಆಲ್ಡನ್ ಕೂಡ ಮಾಡುವುದು. ಅಂಥ ಜಾಗಕ್ಕೆ ಆಲ್ಡನ್ ಸರಪಳಿ ಹಾಕಿದ್ದಾರೆಂದರೆ ಅದು ರಸ್ತೆಯ ಮಾತಾಗಿ ಉಳಿಯುವುದಿಲ್ಲ.

“ಅದರ ಕೆಳಗೆ ಇನ್ನೊಂದು ಸಾಲು ಇದೆ,” ಎನ್ನುತ್ತಾರೆ ಆಲ್ಡನ್. “‘ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ, ಒಳಗೆ ಕೆಲಸ ನಡೀತಿರುತ್ತೆ’ ಅಂತ. ಮೇಲಿನ ಸಾಲು ದಪ್ಪಕ್ಷರದಲ್ಲಿ ಬರೆದುಬಿಟ್ಟೆ, ಹಲಗೇಲಿ ಜಾಗ ಸಾಲಲಿಲ್ಲ. ಕೆಳಗೆ ಸಣ್ಣದಾಗಿ ಬರೆದೆ. ಚಳಿಗಾಲದಲ್ಲಿ ಗುರಿ ನೋಡೋಕೆ ಯಾರೂ ಬರಲ್ಲ ಅಂತ ಸರಪಳಿ ಹಗಲೂ ರಾತ್ರಿ ಹಂಗೇ ಬಿಟ್ಟೆ. ನಾನು ಹಲಗೆ ನೆಟ್ಟು ನಾಲ್ಕು ದಿನಕ್ಕೆ ಹಿಮ ಬಿತ್ತು.”

“ಅಷ್ಟೊಂದು ಹಿಮ ಅಲ್ಲಿಗೆ ಹೇಗೆ ಬಂತು?”

ಅವರು ತಲೆ ಕೆರೆದುಕೊಳ್ಳುತ್ತಾರೆ. “ನಾನೇ ತಳ್ಳಿದ್ದು. ಶೆಡ್ಡಿನ ಅಂಗಳದ ಹಿಮ ಇನ್ನೆಲ್ಲಿಗೆ ತಳ್ಳಲಿ?”

ನಾನು ಗೋಡೆಗೊರಗಿಸಿದ್ದ ಸಲಿಕೆಯನ್ನು ತೋರಿಸುತ್ತೇನೆ. ಹತ್ತು ನಿಮಿಷದ ಕೆಲಸ. ಅಗೆದುಬಿಟ್ಟರೆ ಊರೆಲ್ಲ ಎರಡನೇ ಸಾಲು ಓದುತ್ತದೆ, ಜಗಳ ಮುಗಿಯುತ್ತದೆ. ಆಲ್ಡನ್ ಸಲಿಕೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ.

“ಚುನಾವಣೆಗೆ ಆರು ದಿನ ಇದೆ. ಈಗ ಅಗೆದ್ರೆ ಏನಂತಾರೆ? ಹಿಮ ತೆಗೆಯೋದು ರಸ್ತೆಗೆ ಕಣಮ್ಮ. ಓಟಿಗಲ್ಲ.”

ಇಂಥ ಹಟಮಾರಿಗೆ ಏನು ಹೇಳುವುದು? ಸಿಟ್ಟೇ ಬಂತು ನನಗೆ. ಅದನ್ನು ಕಂಡೋ ಏನೋ, ಅವರು ಲೋಡರಿನ ಕಡೆ ನಡೆಯುತ್ತಾರೆ. ಮರಳು ಎತ್ತಿ ಲಾರಿಗೆ ಸುರಿಯುವ ಹಳದಿ ಯಂತ್ರ ಅದು, ಅವರ ಹೊರತು ಬೇರೆ ಯಾರೂ ಮುಟ್ಟುವುದಿಲ್ಲ. “ಹತ್ತಿ ನೋಡಿ,” ಎನ್ನುತ್ತಾರೆ. ಎಡಗಡೆಯ ಗಾಜಿಗೆ ಬೂದು ಬಣ್ಣದ ಅಂಟುಪಟ್ಟಿ ಮೆತ್ತಿದೆ. ಕಲ್ಲು ಸಿಡಿದು ಬಿರುಕು ಬಿಟ್ಟಿರಬೇಕು ಎಂದುಕೊಳ್ಳುತ್ತೇನೆ. ಆಲ್ಡನ್ ಉಗುರಿನಿಂದ ಪಟ್ಟಿಯ ತುದಿ ಎಬ್ಬಿಸುತ್ತಾರೆ. ಕಿರುಬೆರಳು ಹೋಗುವಷ್ಟು ದುಂಡಗಿನ ತೂತು. ಸೀಟಿನ ಬೆನ್ನಿಗೂ ಪಟ್ಟಿ ಇದೆ. ಅದರ ಹಿಂದೆ ಇನ್ನೊಂದು ತೂತು.

“ನವೆಂಬರ್‌ನಲ್ಲಿ. ಮರಳು ರಾಶಿ ಹಾಕ್ತಿದ್ದೆ. ಆ ಕಡೆ ಯಾರೋ ಗುರಿ ನೋಡ್ತಿದ್ರು, ಗುಂಡು ಕಲ್ಲಿಗೆ ತಾಗಿ ಈ ಕಡೆ ತಿರುಗಿರಬೇಕು. ಲೋಡರ್ ಹಿಂದಕ್ಕೆ ತಗೊಳ್ಳೋಣ ಅಂತ ಮೈ ತಿರುಗಿಸಿದ್ದೆ.” ಸೀಟಿನ ಮೇಲೆ ಕೂತು ಮೈ ಹೇಗೆ ತಿರುಗಿಸಿದ್ದರೆಂದು ತೋರಿಸುತ್ತಾರೆ. ತೂತು ಅವರ ಭುಜದ ಪಕ್ಕಕ್ಕೆ ಬರುತ್ತದೆ. ಆಮೇಲೆ ನೆಟ್ಟಗೆ ಕೂರುತ್ತಾರೆ. ಈಗ ಸೀಟಿನ ತೂತು ಅವರ ಬೆನ್ನಿನ ಹಿಂದೆ ಮರೆಯಾಗುತ್ತದೆ.

“ಯಾರು ಹೊಡೆದಿದ್ದು?”

“ಗೊತ್ತಿಲ್ಲ. ಕೆಳಗೆ ಐದು ಗಾಡಿ ನಿಂತಿದ್ವು. ಹೋಗಿ ನೋಡಲಿಲ್ಲ. ತಿಳ್ಕೊಂಡುಬಿಟ್ರೆ ಆಮೇಲೆ ಅವನ ಮನೆ ಮುಂದೆ ಹಿಮ ತಳ್ಳೋವಾಗೆಲ್ಲ ನೆನಪಾಗುತ್ತೆ. ನನ್ನ ಕೈಲಿ ಆಗಲ್ಲ.”

“ಊರಿಗೆ ಹೇಳಿ ಆಲ್ಡನ್. ಇದನ್ನ ಹೇಳಿದ್ರೆ ನಿಮ್ಮನ್ನ ಯಾರು ಸೋಲಿಸ್ತಾರೆ?”

“ಹೇಳಿದ್ರೆ ಏನಾಗುತ್ತೆ ಅಂತ ನಂಗೊತ್ತು. ಒಬ್ಬರು ಕ್ವಾರಿನೇ ಮುಚ್ಚಿ ಅಂತಾರೆ. ಇನ್ನೊಬ್ಬರು ಪೆಲ್ಕಿ ಸುಳ್ಳು ಹೇಳ್ತಿದಾನೆ, ತಾನೇ ಸುತ್ತಿಗೇಲಿ ಹೊಡೆದಿದಾನೆ ಅಂತಾರೆ. ನನ್ನ ಕಿಟಕಿ ತೂತು ಇಬ್ಬರ ಕೈಗೂ ಕೋಲಾಗುತ್ತೆ. ಲೂಸಿಲ್‌ಗೂ ಹೇಳಿಲ್ಲ ನಾನು.” ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸುತ್ತಾರೆ. “ನೀವು ನಿಮ್ಮ ಭಾಷೇಲಿ ಬರೀರಿ ಬೇಕಾದ್ರೆ. ಇಲ್ಲಿ ಅದನ್ನ ಓದೋರು ನೀವೊಬ್ಬರೇ.”

ಹೀಗೆ ಊರಿಗೆಲ್ಲ ಬೇಕಾದ ಒಂದು ಸುದ್ದಿ ನನ್ನ ಬಾಯಲ್ಲಿ ಬಿಸಿ ಆಲೂಗೆಡ್ಡೆಯಂತೆ ಕೂತಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಂದೇ ಮಧ್ಯಾಹ್ನ ಊರ ಅಂಗಡಿಗೆ ಹಾಲಿಗೆಂದು ಹೋಗುತ್ತೇನೆ. ಕಾಫಿಯ ಕಟ್ಟೆಯ ಮೇಲೆ ರಾಯ್ಸ್ ಹ್ಯಾಕೆಟ್ ಕೂತಿದ್ದಾನೆ. ಆಲ್ಡನ್ ಜೊತೆ ಮೂವತ್ತು ವರ್ಷದಿಂದ ಬೇಟೆಗೆ ಹೋಗುವ ಗೆಳೆಯ. ಅವನ ಪಿಕಪ್ಪಿನ ಹಿಂದೆ ಕ್ರೇಗ್‌ನ ಹೆಸರಿನ ಚೀಟಿ ಅಂಟಿದೆ.

“ರಾಯ್ಸ್, ರಸ್ತೆ ಚೆನ್ನಾಗಿಲ್ವಾ?” ಎಂದು ಕೆಣಕುತ್ತೇನೆ.

“ಯಾರು ಹೇಳಿದ್ದು? ಈ ಜಿಲ್ಲೇಲೇ ಇಂಥ ರಸ್ತೆ ಇಲ್ಲ. ನಮ್ಮಮ್ಮ ಸತ್ತ ದಿನ ಬೆಳಿಗ್ಗೆ ನಾಲ್ಕಕ್ಕೆ ಬಂದು ದಾರಿ ಮಾಡಿಕೊಟ್ಟ. ಆಲ್ಡನ್‌ನಂಥೋನು ಸಿಗಲ್ಲ.”

“ಮತ್ತೆ?”

“ಮತ್ತೆ ಏನು? ಬಂದೂಕಿನ ವಿಷಯ ಬೇರೆ. ಇವತ್ತು ಕ್ವಾರಿಗೆ ಸರಪಳಿ, ನಾಳೆ ನನ್ನ ಕಪಾಟಿಗೆ. ಬಂದೂಕಿನ ಬಗ್ಗೆ ಕಾನೂನು ಮಾಡೋ ಅಧಿಕಾರ ಊರಿಗೇ ಇಲ್ಲ, ರಾಜ್ಯಕ್ಕೆ ಮಾತ್ರ. ಇವನ್ಯಾರು?”

“ಮೂರು ಗಂಟೆ ಮೇಲೆ ಹೊಡೀಬಹುದಂತಲ್ಲ. ಕೆಳಗೆ ಬರೆದಿದಾರಂತೆ.”

ರಾಯ್ಸ್ ನಗುತ್ತಾನೆ. “ಅದನ್ನ ನನಗೂ ಹೇಳಿದ. ಚುನಾವಣೆ ಹತ್ರ ಬಂತಲ್ಲ, ಈಗ ಮೂರು ಗಂಟೆ ಕಥೆ ಕಟ್ತಿದಾನೆ. ಪಾಪ, ಆಲ್ಡನ್‌ಗೆ ಸುಳ್ಳು ಹೇಳೋಕೆ ಬರಲ್ಲ, ಮುಖ ಕೆಂಪಾಗುತ್ತೆ.” ಆಲ್ಡನ್ ಮುಖ ಚಳಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ಕೆಂಪಾಗಿಯೇ ಇರುತ್ತದೆ ಎಂದು ಹೇಳಲು ಬಾಯಿ ತೆರೆದು, ಬೇರೆ ಏನಾದರೂ ಹೊರಗೆ ಬಿದ್ದೀತೆಂದು ಮುಚ್ಚಿಕೊಂಡು ಹಾಲು ತೆಗೆದುಕೊಂಡು ಬರುತ್ತೇನೆ.

ಇದರ ಇನ್ನೊಂದು ಮಗ್ಗುಲು ಹ್ಯಾರಿಯೆಟ್ ಲಂಡ್. ನಿವೃತ್ತ ನರ್ಸ್, ಬಂದೂಕಿಗೆ ಬಿಗಿ ಕಾನೂನು ಬೇಕೆಂದು ರಾಜ್ಯದ ಶಾಸನಸಭೆಯ ಮೆಟ್ಟಿಲ ಮೇಲೆ ವರ್ಷಕ್ಕೆರಡು ಸಲ ನಿಲ್ಲುವವರು. ನಲವತ್ತು ವರ್ಷ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಏನೇನು ನೋಡಿದ್ದಾರೋ ಅದನ್ನು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಚಳಿಗಾಲದಲ್ಲಿ ಮರಳಿಗೆಂದು ಬಕೆಟ್ ಹಿಡಿದು ಹೋದವರು ಹಲಗೆ ಕಂಡು, ಮರುದಿನವೇ ಒಂದು ಸೇಬಿನ ಪೈ ಮಾಡಿಕೊಂಡು ಆಲ್ಡನ್ ಮನೆಗೆ ಹೋದರು. “ಈ ಊರಲ್ಲಿ ಧೈರ್ಯ ಇರೋ ಗಂಡಸು ನೀವೊಬ್ಬರೇ” ಎಂದರು. ಅವರ ಸ್ನೇಹಿತರೆಲ್ಲ ಆಲ್ಡನ್‌ಗೇ ಓಟು ಎಂದು ಮಾತು ಕೊಟ್ಟರು. ಆಲ್ಡನ್ ಪೈ ತಗೊಂಡು ಸುಮ್ಮನಿದ್ದಿದ್ದರೆ ಸಾಕಿತ್ತು.

“ಪೈ ಒಳ್ಳೇದಿತ್ತು,” ಎನ್ನುತ್ತಾರೆ ಆಲ್ಡನ್. “ತಿಂದ ಮೇಲೆ ಹೇಳದೇ ಇರೋಕಾಗಲಿಲ್ಲ. ಮೂರು ಗಂಟೆ ಮೇಲೆ ಹೊಡೀಬಹುದಮ್ಮ, ನಾನೂ ಹೊಡೀತೀನಿ ಅಂದೆ. ಅವರು ತಟ್ಟೆ ವಾಪಸ್ ಕೇಳಿದ್ರು.”

ಅವರ ಮಾತು ನಂಬಿದವರು ಓಟು ಹಿಂದಕ್ಕೆ ತೆಗೆದುಕೊಂಡರು. ನಂಬದವರು ಮೊದಲೇ ಕೊಟ್ಟಿರಲಿಲ್ಲ. ಇಂಥ ಚುನಾವಣಾ ಪ್ರಚಾರವನ್ನು ನಾನಂತೂ ಎಲ್ಲೂ ಕಂಡಿಲ್ಲ.

ಶುಕ್ರವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಹುರುಳಿಕಾಯಿ ಬೀಜದ ಊಟ. ಬೆಲ್ಲದ ಪಾಕದಲ್ಲಿ ಬೇಯಿಸಿದ ಬೀಜ, ಹ್ಯಾಮ್, ಕಂದು ಬ್ರೆಡ್ಡು. ಊಟವಾದ ಮೇಲೆ ಅಭ್ಯರ್ಥಿಗಳು ಎದ್ದುನಿಂತು ಪ್ರಶ್ನೆಗಳಿಗೆ ಉತ್ತರ ಕೊಡುವುದು ವಾಡಿಕೆ. ಮೊದಲ ಪ್ರಶ್ನೆಯೇ ಬಂತು: “ಬಂದೂಕಿನ ಬಗ್ಗೆ ರಸ್ತೆ ಏಜೆಂಟರ ನಿಲುವು ಏನು?”

ಕ್ರೇಗ್ ತಡಮಾಡಲಿಲ್ಲ. “ಕ್ವಾರಿ ಊರಿಂದು. ನಾನು ಗೆದ್ದು ಪ್ರಮಾಣ ಮಾಡಿದ ದಿನವೇ ಆ ಸರಪಳಿ ಬಿಚ್ತೀನಿ.” ನೆಲಮಾಳಿಗೆಯಲ್ಲಿದ್ದ ಅರ್ಧ ಜನ ಚಪ್ಪಾಳೆ ತಟ್ಟಿದರು.

ಆಲ್ಡನ್ ಎದ್ದರು. ಸ್ವಲ್ಪ ಹೊತ್ತು ಟೋಪಿ ತಿರುಗಿಸಿದರು. “ನಮ್ಮನೇಲಿ ಮೂರು ರೈಫಲ್ ಇದೆ. ಒಂದು ನಮ್ಮಪ್ಪಂದು,” ಎಂದರು. ಎಡಗಡೆ ಕೂತವರ ಮುಖ ಅರಳಿತು, ಬಲಗಡೆಯವರದು ಬಾಡಿತು. “ಆದ್ರೆ ಮನುಷ್ಯರು ಕೆಲಸ ಮಾಡೋ ಜಾಗದಲ್ಲಿ ಹೊಡೀಬಾರದು.” ಈಗ ಬಲಗಡೆ ಅರಳಿತು, ಎಡಗಡೆ ಬಾಡಿತು. ಯಾರೋ ಕೂಗಿದರು, “ಅಂದ್ರೆ ನೀನು ಪರನೋ ವಿರೋಧನೋ? ಒಂದು ಹೇಳಪ್ಪ!”

ಆಲ್ಡನ್ ನಿಜವಾಗಿಯೂ ಯೋಚಿಸಿದರು. ನಾನು ಕುರ್ಚಿಯ ತುದಿಯಲ್ಲಿದ್ದೆ. ಎದ್ದು ನಿಂತು ಲೋಡರಿನ ಗಾಜಿನ ಕಥೆ ಹೇಳಿಬಿಡಬೇಕು ಎನಿಸುತ್ತಿತ್ತು. ಅವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಕುಳಿತೇ ಇದ್ದೆ.

“ನಾನು ಮೂರು ಗಂಟೆವರೆಗೆ ಒಳಗಿರ್ತೀನಿ,” ಎಂದರು ಆಲ್ಡನ್ ಕೊನೆಗೆ. “ಅಷ್ಟೇ ನನ್ನ ನಿಲುವು.” ಜನ ನಕ್ಕರು. ಅವರು ತಮಾಷೆ ಮಾಡಿದರೆಂದುಕೊಂಡರು. ರಸ್ತೆಯ ಬಗ್ಗೆ ಆ ಸಂಜೆ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಮಂಗಳವಾರ ಊರ ಭವನದಲ್ಲಿ ಓಟು ಹಾಕುವ ಮರದ ಗೂಡಿನೊಳಗೆ ನಿಂತು ನಾನು ಆಲ್ಡನ್ ಹೆಸರಿನ ಮುಂದೆ ಗುರುತು ಹಾಕುತ್ತೇನೆ. ಹಾಕಿದ್ದು ರಸ್ತೆಗೋ, ಆ ತೂತಿಗೋ, ಸುಮ್ಮನಿದ್ದ ತಪ್ಪಿಗೋ ನನಗೇ ಗೊತ್ತಿಲ್ಲ. ಇತರರನ್ನು ನೋಡಿ ನಗುತ್ತಿದ್ದವಳು ಚೀಟಿಯನ್ನು ಪೆಟ್ಟಿಗೆಗೆ ಹಾಕಿದಾಗ ನಗಲಿಲ್ಲ. ಹೊರಗೆ ಹ್ಯಾರಿಯೆಟ್ ಸಿಗುತ್ತಾರೆ. “ಆ ಜಾಗ ಖಾಲಿ ಬಿಟ್ಟೆ,” ಎನ್ನುತ್ತಾರೆ, ನಾನು ಕೇಳದಿದ್ದರೂ. “ಒಬ್ಬ ಸರಪಳಿ ಬಿಚ್ತೀನಿ ಅಂತಾನೆ, ಇನ್ನೊಬ್ಬ ಅರ್ಧ ದಿನ ಹಾಕ್ತೀನಿ ಅಂತಾನೆ. ನಾನು ಯಾರಿಗೆ ಹಾಕಲಿ ಹೇಳು? ರಾತ್ರಿ ನಿದ್ದೆ ಬರಲಿಲ್ಲ ಕಣೆ.” ಅವರ ಕಣ್ಣು ನಿಜವಾಗಿಯೂ ಕೆಂಪಾಗಿದೆ.

ಬುಧವಾರ ಬೆಳಿಗ್ಗೆ ಭವನದ ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ಕ್ರೇಗ್ ಸ್ಟಿಕ್ನಿ ಇನ್ನೂರ ಮೂವತ್ತೊಂದು. ಆಲ್ಡನ್ ಪೆಲ್ಕಿ ಇನ್ನೂರ ಇಪ್ಪತ್ತೆರಡು. ಖಾಲಿ ಬಿಟ್ಟವರು ಹದಿನಾಲ್ಕು ಮಂದಿ.

ಗುರುವಾರ ಮತ್ತೆ ಹಿಮ ಬೀಳುತ್ತದೆ, ಒಂಬತ್ತು ಅಂಗುಲ. ಹೊಸಬರು ಪ್ರಮಾಣ ಮಾಡುವುದು ಶನಿವಾರದ ಊರಸಭೆ ಮುಗಿದ ಮೇಲೆ, ಅಲ್ಲಿಯವರೆಗೆ ರಸ್ತೆ ಆಲ್ಡನ್ ಅವರದೇ. ಐದು ಗಂಟೆಗೆ ಅಲಗಿನ ಸದ್ದು ಕೇಳಿ ನಾನು ಹಾಸಿಗೆಯಲ್ಲೇ ಎದ್ದು ಕೂರುತ್ತೇನೆ. ಇವತ್ತಾದರೂ ಸ್ವಲ್ಪ ತಡವಾಗಿ ಬರಬಾರದಿತ್ತೇ ಮನುಷ್ಯ, ತನಗೆ ಓಟು ಹಾಕದವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳಬಾರದಿತ್ತೇ ಎನಿಸಿ ಅಳು ಬರುತ್ತದೆ. ಆಮೇಲೆ ರಾಯ್ಸ್ ಹೇಳಿದ: ಐದೂ ಮುಕ್ಕಾಲಿಗೆಲ್ಲ ಅವನ ದಾರಿ ಸ್ವಚ್ಛವಾಗಿತ್ತಂತೆ.

ಶನಿವಾರ ಮಧ್ಯಾಹ್ನ ಎರಡೂವರೆಗೆ ಸಭೆ ಮುಗಿಯುತ್ತದೆ. ಕ್ರೇಗ್ ಕೈ ಎತ್ತಿ ಪ್ರಮಾಣ ಮಾಡುತ್ತಾನೆ. ಅಲ್ಲಿಂದ ಒಂದು ಸಣ್ಣ ಮೆರವಣಿಗೆಯೇ ಶೆಡ್ಡಿಗೆ ಹೊರಡುತ್ತದೆ. ರಾಯ್ಸ್ ಮತ್ತು ಏಳೆಂಟು ಮಂದಿ ಸರಪಳಿ ಬಿಚ್ಚುವುದನ್ನು ನೋಡಲು ಬಂದಿದ್ದಾರೆ. ಆಲ್ಡನ್ ಬೀಗದ ಕೈಗಳ ಗೊಂಚಲು ಹಿಡಿದು ಕಾದಿದ್ದಾರೆ. ಜೊತೆಗೆ ಕಂದು ಕಾಗದದ ನಾಲ್ಕು ಹಾಳೆ. ಯಾವ ತಿರುವಿನಲ್ಲಿ ಅಂಚೆಡಬ್ಬಿ, ಯಾವ ಮೋರಿ ಮೊದಲು ಕಟ್ಟುತ್ತದೆ, ಬುಧವಾರ ಎಲ್ಲಿಂದ ಶುರು ಮಾಡಬೇಕು, ನಾಯಿಯ ಹೆಸರೇನು, ಎಲ್ಲ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.

“ಲೋಡರ್ ಸ್ವಲ್ಪ ಎಡಕ್ಕೆ ಎಳೆಯುತ್ತೆ,” ಎನ್ನುತ್ತಾರೆ. “ಕೂತು ನೋಡು.”

ಕ್ರೇಗ್ ಹತ್ತಿ ಕೂರುತ್ತಾನೆ. ಎಂಜಿನ್ ಚಾಲೂ ಮಾಡಿ, ಹಿಂದಕ್ಕೆ ತೆಗೆಯಲೆಂದು ಮೈ ತಿರುಗಿಸುತ್ತಾನೆ. ಅಲ್ಲಿಗೇ ನಿಲ್ಲುತ್ತಾನೆ. ಸೀಟಿನ ಬೆನ್ನಿನ ಅಂಟುಪಟ್ಟಿ ನೋಡುತ್ತಾನೆ, ಗಾಜಿನ ಅಂಟುಪಟ್ಟಿ ನೋಡುತ್ತಾನೆ. ಎಂಜಿನ್ ಆರಿಸುತ್ತಾನೆ. ಬೇಟೆಗಾರನ ಮಗ ಅವನು. ಪಟ್ಟಿ ಕಿತ್ತು ಬೆರಳು ಇಟ್ಟು ನೋಡಲು ಅವನಿಗೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಕೆಳಗಿಳಿದು ಆಲ್ಡನ್ ಹತ್ತಿರ ಬರುತ್ತಾನೆ.

“ಯಾವಾಗ ಆಗಿದ್ದು?”

“ನವೆಂಬರ್. ಬೇಟೆ ಶುರುವಾಗೋ ಮುಂಚಿನ ವಾರ.”

“ಯಾರು?”

“ಗೊತ್ತಿಲ್ಲ.”

ಕ್ರೇಗ್ ಕ್ವಾರಿಯ ಕಡೆ ನೋಡುತ್ತಾನೆ. “ಆ ವಾರ ನಾನೂ ಬಂದಿದ್ದೆ ಆಲ್ಡನ್.”

“ಎಲ್ಲರೂ ಬಂದಿದ್ರಪ್ಪ,” ಎನ್ನುತ್ತಾರೆ ಆಲ್ಡನ್. “ಆ ಗಾಜು ಬದಲಾಯಿಸ್ಕೋ. 
ಚಳಿಗಾಳಿ ಬರುತ್ತೆ.”

ಅತ್ತ ಸರಪಳಿಯ ಹತ್ತಿರ ರಾಯ್ಸ್ ಕೂಗುತ್ತಿದ್ದಾನೆ, “ಲೇ ಕ್ರೇಗ್, ಬಾರೋ! ಚಳಿ!” ಕ್ರೇಗ್ ಗೋಡೆಯ ಸಲಿಕೆ ತೆಗೆದುಕೊಂಡು ಹೋಗುತ್ತಾನೆ. ಆದರೆ ಸರಪಳಿಗೆ ಕೈ ಹಾಕುವುದಿಲ್ಲ. ಹಲಗೆಯ ಬುಡಕ್ಕೆ ಸಲಿಕೆ ಹಾಕುತ್ತಾನೆ. ಮಾರ್ಚಿನ ಹಿಮ ಕಲ್ಲಾಗಿದೆ, ಹೆಪ್ಪು ಹೆಪ್ಪಾಗಿ ಏಳುತ್ತದೆ. ಕೊನೆಗೆ ಕೆಂಪು ಬಣ್ಣದ ಎರಡನೇ ಸಾಲು ಹೊರಬರುತ್ತದೆ. ಸಣ್ಣ ಅಕ್ಷರ, ಕೊನೆಗೊಂದು ಕಡೆ ಬಣ್ಣ ಸೋರಿದೆ.

ರಾಯ್ಸ್ ಬಗ್ಗಿ ಓದುತ್ತಾನೆ. ಎರಡು ಸಲ ಓದುತ್ತಾನೆ. “ಮೂರು ಗಂಟೆ ಅಂತ ನಿಜವಾಗ್ಲೂ ಬರೆದಿದಾನಲ್ಲೋ,” ಎನ್ನುತ್ತಾನೆ ಯಾರಿಗೆಂದಿಲ್ಲದೆ. ಆಮೇಲೆ ಆಲ್ಡನ್ ಕಡೆ ತಿರುಗಿ, “ಸರಿಯಾಗಿ ಹೇಳಬಾರದಿತ್ತಾ ಮಾರಾಯ?”

“ಹೇಳಿದೆ. ಬರೆದೂ ಇದ್ದೆ.”

ಕ್ರೇಗ್ ಗಡಿಯಾರ ನೋಡುತ್ತಾನೆ. “ಮೂರೂ ಇಪ್ಪತ್ತು,” ಎನ್ನುತ್ತಾನೆ. ಸರಪಳಿಯ ಕೊಂಡಿ ಬಿಡಿಸಿ ಕೆಳಗೆ ಹಾಕುತ್ತಾನೆ. ಒಬ್ಬಿಬ್ಬರು ಚಪ್ಪಾಳೆ ತಟ್ಟುತ್ತಾರೆ. “ಸೋಮವಾರ ಬೆಳಿಗ್ಗೆ ಆರಕ್ಕೆ ಮತ್ತೆ ಹಾಕ್ತೀನಿ,” ಎಂದು ಸೇರಿಸುತ್ತಾನೆ. ಚಪ್ಪಾಳೆ ಅರ್ಧದಲ್ಲಿ ನಿಲ್ಲುತ್ತದೆ. ಕೊಟ್ಟ ಮಾತು ಉಳಿಸಿಕೊಂಡನೋ ಮುರಿದನೋ ಎಂದು ಯಾರಿಗೂ ತಿಳಿಯುವುದಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈ ಜೇಬಿಗೆ ಹಾಕಿಕೊಂಡು ತಮ್ಮ ತಮ್ಮ ಗಾಡಿಗಳ ಕಡೆ ಹೋಗುತ್ತಾರೆ. ರಾಯ್ಸ್ ಮಾತ್ರ ಹಲಗೆಯ ಮುಂದೆ ಇನ್ನೂ ನಿಂತಿದ್ದಾನೆ.

ಆಲ್ಡನ್‌ಗೆ ಮನೆಗೆ ಹೋಗಲು ಈಗ ಲಾರಿ ಇಲ್ಲ. ನನ್ನ ಕಾರಿನಲ್ಲಿ ಕೂರುತ್ತಾರೆ, ಮೊಣಕಾಲು ಮಡಚಿಕೊಂಡು, ಅತಿಥಿಯಂತೆ. ಬೇರೆಯವರು ಓಡಿಸುವ ವಾಹನದಲ್ಲಿ ಈ ರಸ್ತೆಯ ಮೇಲೆ ಕೂತು ಎಷ್ಟು ವರ್ಷವಾಯಿತೋ. ಕಿಟಕಿಯಿಂದ ರಸ್ತೆಯನ್ನೇ ನೋಡುತ್ತಿದ್ದಾರೆ. ಎರಡು ಬದಿಗೂ ಅವರೇ ತಳ್ಳಿದ ಹಿಮ. ಮುಂದೇನು ಮಾಡುತ್ತೀರಿ ಎಂದು ಕೇಳಿದರೆ ಭುಜ ಕುಣಿಸುತ್ತಾರೆ. ಗುಂಡಿನ ಸುದ್ದಿ ಕ್ರೇಗ್ ಬಾಯಿಂದ ಊರಿಗೆ ಹೋಗುವ ಮೊದಲು ಅದನ್ನು ಲೂಸಿಲ್‌ಗೆ ಹೇಳಬೇಕಂತೆ. “ಎರಡು ದಿನ ಊಟ ಸಿಗಲ್ಲ,” ಎನ್ನುತ್ತಾರೆ.

ಅವರ ಮನೆಯ ತಿರುವು ಬರುತ್ತದೆ. ಇಳಿಯುವ ಮುಂಚೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೇಳುತ್ತಾರೆ:

“ನೀವು ಎಲ್ಲರ ಹತ್ರ ಮಾತಾಡಿದ್ರಲ್ಲ. ನನ್ನ ವಿರುದ್ಧ ಹಾಕಿದೋರಲ್ಲಿ ಯಾರಾದ್ರೂ ರಸ್ತೆ ಸರಿ ಇಲ್ಲ ಅಂದ್ರಾ?”

“ಇಲ್ಲ ಆಲ್ಡನ್. ಒಬ್ಬರೂ ಅನ್ನಲಿಲ್ಲ.”

ಅವರು ತಲೆಯಾಡಿಸುತ್ತಾರೆ. ಟೋಪಿ ಸರಿಮಾಡಿಕೊಳ್ಳುತ್ತಾರೆ.

“ಹಂಗಾದ್ರೆ ಸರಿ,” ಎನ್ನುತ್ತಾರೆ.